ಮಳೆಮಾಪಕದಿಂದ ಹೊಲದವರೆಗೆ



ಅನ್ವಯಿಕ ಸಂಶೋಧನೆಯ ಬಗ್ಗೆ ಮಾತಾಡಬೇಕು, ಅದರಲ್ಲಿ ಎಂಜಿನಿಯರಿಂಗ್, ಪರಿಸರ, ದತ್ತಾಂಶ ವಿಜ್ಞಾನ, ಹಣಕಾಸು ಎಲ್ಲವೂ ಬರಲಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದರು. ನಾಲ್ಕರ ಬಗ್ಗೆಯೂ ನಾಲ್ಕು ನಾಲ್ಕು ಮಾತು ಹೇಳಿ ಕೂರುವುದು ನನಗೆ ಒಗ್ಗುವುದಿಲ್ಲ. ನಾಲ್ಕೂ ಬಂದು ಸೇರುವ ಒಂದು ವಸ್ತುವನ್ನು ಹಿಡಿದುಕೊಂಡೇ ಇವತ್ತಿನ ಮಾತು ಮುಗಿಸುತ್ತೇನೆ. ಅದು ಗ್ರಾಮ ಪಂಚಾಯಿತಿಯ ಮಳೆಮಾಪಕ. ಅದು ಬರೆದುಕೊಳ್ಳುವ ಅಂಕಿಯ ಮೇಲೆ ಮಲೆನಾಡು, ಕರಾವಳಿಯ ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರ ವಿಮಾ ಪರಿಹಾರ ನಿಂತಿದೆ. ಆ ಅಂಕಿ ಸರಿಯಿದ್ದರೆ ಮಾತ್ರ ಸಾಲದು. ಅದು ಎಲ್ಲಿ ಬಿದ್ದ ಮಳೆಯ ಅಂಕಿ ಎಂಬುದೂ ಮುಖ್ಯ. ಮಳೆಮಾಪಕಕ್ಕೂ ಹೊಲಕ್ಕೂ ನಡುವೆ ಇರುವ ಅಂತರದ ಹೊಣೆಯನ್ನು ವಿಶ್ವವಿದ್ಯಾಲಯದ ಯಾವ ವಿಭಾಗವೂ ಹೊತ್ತುಕೊಂಡಿಲ್ಲ, ಆದ್ದರಿಂದ ಅದನ್ನು ರೈತ ಹೊರುತ್ತಿದ್ದಾನೆ. ನನ್ನ ವಾದ ಇಷ್ಟೇ.

ಮಳೆ ಅಳೆಯುವುದಕ್ಕೂ ಹಣಕಾಸಿಗೂ ಇರುವ ನಂಟು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಮಳೆ ಅಳೆಯುವ ಪಾತ್ರೆಯನ್ನು ಇಡಬೇಕೆಂದು ಹೇಳುವುದು ಕೋಷ್ಠಾಗಾರದಲ್ಲಿ, ಅಂದರೆ ರಾಜ್ಯದ ಕಣಜದಲ್ಲಿ. ಆದರೆ ಮಳೆಯ ಅಳತೆಯಿಂದ ರೈತನಿಗೆ ವಿಮೆ ಕೊಡಬಹುದು ಎಂಬ ಯೋಚನೆಯನ್ನು ಪೂರ್ಣ ಯೋಜನೆಯಾಗಿ ಬರೆದವರು ನಮ್ಮ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ.ಎಸ್. ಚಕ್ರವರ್ತಿ. 1915ರ ಹೊತ್ತಿಗೇ ಅವರು ಈ ಪ್ರಸ್ತಾವ ಮುಂದಿಟ್ಟರು. 1920ರಲ್ಲಿ ಕೃಷಿ ವಿಮೆಯ ಬಗ್ಗೆ ಭಾರತದ ಪರಿಸ್ಥಿತಿಗೆ ಹೊಂದುವ ಯೋಜನೆಯೆಂದು ಒಂದು ಪುಸ್ತಕವನ್ನೇ ಬೆಂಗಳೂರಿನಿಂದ ಪ್ರಕಟಿಸಿದರು. ಅವರ ತರ್ಕ ಸರಳ. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟ ಎಷ್ಟಾಯಿತೆಂದು ನಿರ್ಧರಿಸುವುದು ಆಗದ ಕೆಲಸ; ಖರ್ಚು ವಿಪರೀತ, ಜಗಳಕ್ಕೂ ಮೋಸಕ್ಕೂ ದಾರಿ. ಮಳೆ ಕೊರತೆಯನ್ನು ಯಾರೂ ಕದ್ದು ತಿದ್ದಲಾರರು. ಆದ್ದರಿಂದ ಸರ್ಕಾರದ ಮಳೆ ದಾಖಲೆಯನ್ನೇ ಆಧಾರ ಮಾಡಿಕೊಂಡು, ಇಷ್ಟಕ್ಕಿಂತ ಕಡಿಮೆ ಮಳೆ ಬಿದ್ದರೆ ಇಷ್ಟು ಹಣ ಎಂದು ಮೊದಲೇ ಗೊತ್ತು ಮಾಡಿಬಿಡಬೇಕು. ಆ ಯೋಜನೆ ಜಾರಿಗೆ ಬರಲಿಲ್ಲ. 1995ರಲ್ಲಿ ಪಿ.ಕೆ. ಮಿಶ್ರಾ ಅವರು ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಮಳೆ ವಿಮೆ ನಿಜಕ್ಕೂ ಹೊಸದೇ ಎಂದು ಪ್ರಶ್ನಿಸಿ ಚಕ್ರವರ್ತಿಯವರ ಕೆಲಸವನ್ನು ಮತ್ತೆ ಬೆಳಕಿಗೆ ತಂದರು. ಬೇರೆ ದೇಶಗಳಲ್ಲಿ ಮಳೆ ವಿಮೆಯನ್ನು ಹೊಸ ಹಣಕಾಸು ಶೋಧನೆ ಎಂದು ಪಾಠ ಹೇಳುವಾಗ ಬೆಂಗಳೂರಿನ ಈ ಪುಸ್ತಕದ ಹೆಸರು ಬರಬೇಕು; ನಮ್ಮ ತರಗತಿಗಳಲ್ಲಾದರೂ ಬರಬೇಕು.

ಚಕ್ರವರ್ತಿಯವರ ಕಾಲದಲ್ಲೇ, ಅದೇ ಮೈಸೂರು ಸಂಸ್ಥಾನದಲ್ಲಿ, ಇನ್ನೊಬ್ಬರು ಮಳೆಯ ಇನ್ನೊಂದು ಮುಖವನ್ನು ನೋಡುತ್ತಿದ್ದರು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ್ದರು. ತೋಟಿಗರು ಆಗ ಅಡಿಕೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, 1910ರಲ್ಲಿ ವರದಿ ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಕ್ಕೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧ ಆಗುಂಬೆ ಸೀಮೆಯ ಮಳೆಗೆ ತೊಳೆದುಹೋಗದೆ ಕಾಯಿಗೆ ಅಂಟಿ ನಿಲ್ಲಬೇಕಲ್ಲ. ಅದಕ್ಕೆ ಅಂಟು ಸೇರಿಸುವ ಪ್ರಯೋಗಗಳೂ ನಡೆದವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇವತ್ತಿಗೂ ಮಲೆನಾಡಿನ ಮನೆಮನೆಯಲ್ಲಿ ಗೊತ್ತು. ಪ್ರಯೋಗಾಲಯದಿಂದ ಹೊರಟ ಜ್ಞಾನ ಮರದ ತುದಿಗೆ ಹತ್ತಿದ ಉದಾಹರಣೆ ಇದು. ಅನ್ವಯಿಕ ಸಂಶೋಧನೆ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಇದೇ.

ಚಕ್ರವರ್ತಿಯವರ ಯೋಚನೆ ಮರಳಿ ಬರಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಡುವಿನ ಇತಿಹಾಸವನ್ನು ಚುರುಕಾಗಿ ಹೇಳಿಬಿಡುತ್ತೇನೆ. ಪುಣೆಯ ಗೋಖಲೆ ಸಂಸ್ಥೆಯ ವಿ.ಎಂ. ದಾಂಡೇಕರ್ 1976ರಲ್ಲಿ, ಒಬ್ಬ ರೈತನ ಬದಲು ಒಂದು ಪ್ರದೇಶದ ಸರಾಸರಿ ಇಳುವರಿಯನ್ನು ಆಧಾರವಾಗಿಟ್ಟುಕೊಂಡ ವಿಮೆಯನ್ನು ಪ್ರತಿಪಾದಿಸಿದರು. 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ ಆ ದಾರಿಯಲ್ಲಿ ಬಂದವು. 2003ರಲ್ಲಿ ಆಗಿನ ಆಂಧ್ರದ ಮಹಬೂಬ್‌ನಗರದಲ್ಲಿ ಶೇಂಗಾ ಮತ್ತು ಹರಳು ಬೆಳೆಗಾರರಿಗೆ ಮಳೆ ವಿಮೆಯ ಮೊದಲ ಪ್ರಯೋಗ ನಡೆಯಿತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಸರ್ಕಾರಿ ಪ್ರಾಯೋಗಿಕ ಯೋಜನೆ ಆರಂಭವಾದದ್ದು ಕರ್ನಾಟಕದಲ್ಲೇ. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ಮುಂಗಾರು ಆಹಾರ ಬೆಳೆಗೆ ರೈತನ ಪಾಲಿನ ಕಂತು ಶೇ. 2, ಹಿಂಗಾರಿಗೆ ಶೇ. 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ. 5; ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಅದರ ಜೊತೆಜೊತೆಗೇ ಹವಾಮಾನ ಆಧಾರಿತ ವಿಮೆಯೂ ಮುಂದುವರಿದಿದೆ.

ಬರಕ್ಕೆ ಹೊರಗಿನ ವಿಮೆ ಯಾಕೆ ಬೇಕು, ಊರೊಳಗೆ ಒಬ್ಬರಿಗೊಬ್ಬರು ಆಗುವುದಿಲ್ಲವೇ? ಇದಕ್ಕೆ ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರದ ಹಿಂದೆ ನಾನು ತುಂಬ ಗೌರವಿಸುವ ಒಂದು ಕೆಲಸವಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ದಖನ್ನಿನ ಒಣಭೂಮಿಯ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆಸಿತು. ಬರೆಯುವವರು ಊರಲ್ಲೇ ವಾಸವಿದ್ದರು. ಯಾವ ಮನೆಯಲ್ಲಿ ಎಷ್ಟು ಬೆಳೆಯಿತು, ಏನು ಉಂಡರು, ಎಷ್ಟು ಸಾಲ ಮಾಡಿದರು, ಎಲ್ಲ ದಾಖಲಾಯಿತು. ಔರೇಪಲ್ಲಿ, ಶಿರಾಪುರ, ಕಂಝಾರ ಎಂಬ ಮೂರು ಹಳ್ಳಿಗಳ ಆ ಲೆಕ್ಕವನ್ನು ಇಟ್ಟುಕೊಂಡು ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಪ್ರಕಟಿಸಿದ ಪ್ರಬಂಧ ಹೆಸರಾಯಿತು. ಒಂದು ಮನೆಗೆ ಮಾತ್ರ ಬಂದ ಕಷ್ಟವನ್ನು ಊರು ಬಹುಮಟ್ಟಿಗೆ ಹಂಚಿಕೊಳ್ಳುತ್ತದೆ. ಒಬ್ಬನ ಆದಾಯ ಕುಸಿದರೂ ಅವನ ಮನೆಯ ಊಟ ಅಷ್ಟು ಕುಸಿಯುವುದಿಲ್ಲ, ಊರಿನ ಸರಾಸರಿಯ ಜೊತೆಗೇ ಏರಿಳಿಯುತ್ತದೆ. ಬರ ಬಂದರೆ ಊರಿಗೆ ಊರೇ ಕುಸಿಯುತ್ತದೆ. ಆಗ ಕಡ ಕೊಡುವ ನೆಂಟನ ಕಣಜವೂ ಖಾಲಿ. ಮಳೆಯ ಅಪಾಯವನ್ನು ಊರಿನಾಚೆಗೆ ಸಾಗಿಸಬೇಕು ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಇಲ್ಲ. ಗಮನಿಸಿ, ಇದು ಬಂದದ್ದು ಕೃಷಿ ಸಂಶೋಧನಾ ಸಂಸ್ಥೆಯೊಂದು ತಾಳ್ಮೆಯಿಂದ ವರ್ಷಗಟ್ಟಲೆ ಬರೆದಿಟ್ಟು, ಬೇರೆ ವಿದ್ವಾಂಸರಿಗೆ ಮುಕ್ತವಾಗಿ ಕೊಟ್ಟ ಲೆಕ್ಕದಿಂದ.

ಈಗ ಉಪಕರಣದ ಹತ್ತಿರ ಹೋಗೋಣ. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೆ ಮೇಲ್ಪಂಕ್ತಿ. 1988ರಲ್ಲಿ ಬರ ನಿಗಾ ಕೋಶವಾಗಿ ಶುರುವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಹೋಬಳಿಗೆ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೆ ಮಳೆಮಾಪಕ ಎಂಬಂತೆ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳ ಜಾಲವನ್ನು ಅದು ಕಟ್ಟಿತು. ಸೌರಫಲಕದಿಂದ ನಡೆಯುವ ಈ ಯಂತ್ರಗಳು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳಿಸುತ್ತವೆ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ರೈತ ತನ್ನೂರಿನ ಮಳೆ ವಿಚಾರಿಸಬಹುದು. ಇಷ್ಟು ದಟ್ಟವಾದ ಸಾರ್ವಜನಿಕ ಜಾಲ ಕಟ್ಟಿದವರನ್ನು ಮೊದಲು ಮೆಚ್ಚಿ ಆಮೇಲೆ ಕೊರತೆ ಹೇಳಬೇಕು.

ಮುಚ್ಚಳ ತೆಗೆದು ನೋಡಿದರೆ ಈ ಬಗೆಯ ಯಂತ್ರದ ಒಳಗೆ ಇರುವುದು ತೀರಾ ಸರಳ ವ್ಯವಸ್ಥೆ. ಮೇಲೊಂದು ಆಲಿಕೆ. ಅದರ ಕೆಳಗೆ ಏತದ ಹಾಗೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲು ತುಂಬಿದ ಕೂಡಲೇ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬಂದು ಆಲಿಕೆಯ ಕೆಳಗೆ ನಿಲ್ಲುತ್ತದೆ. ಪ್ರತಿ ವಾಲಿಕೆಗೂ ಒಂದು ವಿದ್ಯುತ್ ಸಂಕೇತ. ಆಲಿಕೆಯ ಬಾಯಿ 200 ಮಿ.ಮೀ. ಅಗಲವಿದ್ದು ಒಂದು ವಾಲಿಕೆ 0.5 ಮಿ.ಮೀ. ಮಳೆಗೆ ಸಮ ಎಂದಿಟ್ಟುಕೊಂಡರೆ, ಬಟ್ಟಲು ಹಿಡಿಯುವುದು ಸುಮಾರು 16 ಮಿಲಿಲೀಟರ್, ಮೂರು ಟೀ ಚಮಚ ನೀರು. ಮಳೆ ಜಡಿದು ಸುರಿಯುವಾಗ ಬಟ್ಟಲು ವಾಲುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಜೋರು ಮಳೆಯನ್ನು ಈ ಯಂತ್ರ ಕಡಿಮೆ ತೋರಿಸುತ್ತದೆ. ಗಾಳಿ ಬೀಸಿದರೆ ಹನಿಗಳು ಬಾಯಿ ತಪ್ಪಿ ಹೋಗುತ್ತವೆ. ಹತ್ತಿರ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕೆಂಬುದು ನಿಯಮ. ಮಾಪಕ ನೆಟ್ಟ ದಿನ ನಿಯಮ ಪಾಲನೆಯಾಗಿರುತ್ತದೆ. ಆದರೆ ಪಕ್ಕದ ತೇಗದ ಸಸಿ ವರ್ಷ ವರ್ಷ ಬೆಳೆಯುತ್ತದೆ. ಆಲಿಕೆಯಲ್ಲಿ ಒಣಗಿದ ಎಲೆ ಕೂರುತ್ತದೆ, ಜೇಡ ಬಲೆ ಕಟ್ಟುತ್ತದೆ, ಸೌರಫಲಕದ ಮೇಲೆ ಧೂಳು ಹತ್ತುತ್ತದೆ, ಬ್ಯಾಟರಿ ಸೋಲುತ್ತದೆ.

ಈ ಎಲೆ, ಈ ಬಲೆ ಹಣವಾಗುವ ಬಗೆಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸುತ್ತೇನೆ. ಬಿತ್ತನೆಯ ನಂತರದ ನಲವತ್ತು ದಿನದಲ್ಲಿ 120 ಮಿ.ಮೀ. ಮಳೆ ಬರಬೇಕು, ಅದಕ್ಕಿಂತ ಕಡಿಮೆಯಾದ ಪ್ರತಿ ಮಿಲಿಮೀಟರಿಗೆ ಎಕರೆಗೆ 50 ರೂಪಾಯಿ ಪರಿಹಾರ ಎಂಬ ಒಪ್ಪಂದವಿದೆ ಎನ್ನಿ. ಒಂದು ವಾಲಿಕೆ ಎಂದರೆ ಎಕರೆಗೆ 25 ರೂಪಾಯಿ. ಆ ಪಂಚಾಯಿತಿಯಲ್ಲಿ ವಿಮೆ ಮಾಡಿಸಿದ ಜಮೀನು 2,000 ಎಕರೆ ಇದ್ದರೆ, ಮೂರು ಚಮಚ ನೀರಿನ ಒಂದು ವಾಲಿಕೆ 50,000 ರೂಪಾಯಿಯನ್ನು ಅತ್ತಿಂದಿತ್ತ ಮಾಡುತ್ತದೆ. ಆಲಿಕೆ ಕಟ್ಟಿಕೊಂಡು ಮಳೆ ಕಡಿಮೆ ದಾಖಲಾದರೆ ಕಂಪನಿ ಕೊಡಬಾರದ ಹಣ ಕೊಡುತ್ತದೆ. ಅದೇ ಯಂತ್ರದ ಮೇಲೆ ಅತಿವೃಷ್ಟಿಯ ಒಪ್ಪಂದವಿದ್ದರೆ ಫಲ ತಿರುಗುಮುರುಗು: ಆಷಾಢದ ಜಡಿಮಳೆಗೆ ತೋಟದಲ್ಲಿ ಕೊಳೆ ಬಂದು ಎಳೆಗಾಯಿ ಉದುರಿರುತ್ತದೆ, ದಾಖಲೆಯಲ್ಲಿ ಅಷ್ಟು ಮಳೆಯೇ ಇರುವುದಿಲ್ಲ. ಒಂದೇ ದೋಷದಿಂದ ಯಾರಿಗೆ ನಷ್ಟವೆಂಬುದನ್ನು ಒಪ್ಪಂದದ ರೂಪ ನಿರ್ಧರಿಸುತ್ತದೆ. ಉಪಕರಣದ ತಪ್ಪನ್ನು ಅಳೆಯುವ ಎಂಜಿನಿಯರಿಗೆ ಒಪ್ಪಂದ ಗೊತ್ತಿಲ್ಲ. ಒಪ್ಪಂದ ಬರೆಯುವ ವಿಮಾ ಗಣಿತಜ್ಞ ಆಲಿಕೆಯನ್ನು ಕಂಡಿಲ್ಲ.

ಯಂತ್ರ ಪೂರ್ತಿ ಸುಮ್ಮನಾದ ದಿನಗಳ ಕಥೆ ಇನ್ನೂ ಸೂಕ್ಷ್ಮ. ಖಾಲಿ ಬಿದ್ದ ದಿನಕ್ಕೆ ಹತ್ತಿರದ ಇನ್ನೊಂದು ಮಾಪಕದ ಅಂಕಿ ತುಂಬುವುದು ರೂಢಿ. ಬಯಲುಸೀಮೆಯ ಸಮತಟ್ಟು ನೆಲದಲ್ಲಿ, ಮುಂಗಾರಿನ ವ್ಯಾಪಕ ಮಳೆಯಲ್ಲಿ, ಇದು ನಡೆದೀತು. ಘಟ್ಟದ ಅಂಚಿನಲ್ಲಿ ನಡೆಯದು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಸುಮಾರು ಮೂವತ್ತು ಕಿಲೋಮೀಟರ್ ಈಶಾನ್ಯದ ತೀರ್ಥಹಳ್ಳಿಗೆ ಬರುವ ಹೊತ್ತಿಗೆ ಅದು ಅರ್ಧಕ್ಕೂ ಕಡಿಮೆ. ಅಲ್ಲಿ ಪಕ್ಕದ ಪಂಚಾಯಿತಿಯ ಅಂಕಿ ತಂದು ತುಂಬಿದರೆ ಬೇರೊಂದು ಊರಿನ ಹವಾಮಾನವನ್ನೇ ತಂದು ತುಂಬಿದ ಹಾಗೆ. ಮೇಲಾಗಿ ಯಂತ್ರಗಳು ಕೆಡುವುದು ಹೆಚ್ಚಾಗಿ ಯಾವಾಗ? ಸಿಡಿಲು, ಬಿರುಗಾಳಿ, ಎಡೆಬಿಡದ ಮಳೆ ಇರುವಾಗ. ಮೋಡ ಕವಿದು ಬ್ಯಾಟರಿಗೆ ಬಿಸಿಲು ಸಿಗದಿರುವಾಗ. ಅಂದರೆ ವಿಮೆ ಬೇಕಾದ ದಿನವೇ ಲೆಕ್ಕ ತಪ್ಪಿಹೋಗುವ ಸಂಭವ ಹೆಚ್ಚು. ಸಂಖ್ಯಾಶಾಸ್ತ್ರ ಓದಿದವರಿಗೆ ಇದರ ಗಂಭೀರತೆ ಗೊತ್ತು: ಕಾಣೆಯಾದ ಅಂಕಿ ಯಾದೃಚ್ಛಿಕವಾಗಿ ಕಾಣೆಯಾಗಿಲ್ಲ.

ಕಂತಿನ ಲೆಕ್ಕಕ್ಕೂ ಇಂಥದ್ದೇ ತೊಡಕು. ಮಳೆಯ ಸ್ವಭಾವ ತಿಳಿಯಲು ಮೂವತ್ತು ವರ್ಷದ ದಾಖಲೆ ಬೇಕು. ಪಂಚಾಯಿತಿ ಮಾಪಕಕ್ಕೆ ಅಷ್ಟು ವಯಸ್ಸಾಗಿಲ್ಲ. ಭಾರತೀಯ ಹವಾಮಾನ ಇಲಾಖೆಯ ಬಳಿ 1901ರಿಂದ ದಿನದಿನದ ಚೌಕಾವಾರು ಮಳೆ ಲೆಕ್ಕ ಇದೆ. ಆದರೆ ಒಂದೊಂದು ಚೌಕ ಕಾಲು ಡಿಗ್ರಿಯದು, ಬದಿಗೆ ಸುಮಾರು 27 ಕಿ.ಮೀ. ಅಷ್ಟು ನೆಲದ ಸರಾಸರಿ ತೆಗೆದಾಗ ಅತಿಯಾದ ಮಳೆಯೂ ಅತಿಯಾದ ಕೊರತೆಯೂ ಮೊಂಡಾಗುತ್ತವೆ. ಆ ಸರಾಸರಿಯಿಂದ ಕಂತು ಕಟ್ಟಿ, ಒಂದು ಬಿಂದುವಿನ ಮಾಪಕದಿಂದ ಪರಿಹಾರ ಕೊಟ್ಟರೆ ಕಂತು ತಪ್ಪಾಗುವುದು ಖಂಡಿತ. ಹವಾಮಾನ ಶಾಸ್ತ್ರದವರಿಗೆ ಈ ಮೊಂಡಾಗುವಿಕೆ ತಿಳಿದ ವಿಷಯ, ಹಣಕಾಸಿನವರಿಗೆ ಅಪಾಯದ ಬೆಲೆ ಕಟ್ಟುವುದು ತಿಳಿದ ವಿಷಯ. ಇಬ್ಬರೂ ಒಂದೇ ಆವರಣದಲ್ಲಿ ಕೆಲಸ ಮಾಡುತ್ತಾರೆ; ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ.

ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳ್ಳಿಗಳಿಗೆ ಹೋದಾಗ ನನಗೆ ಅತಿ ಹೆಚ್ಚು ಕೇಳಿಬಂದ ಮಾತು ಒಂದೇ. ಒಬ್ಬ ರೈತ ಅದನ್ನು ಹೇಳಿದ ರೀತಿ ಮರೆಯಲಾಗದು: “ಸರ್, ಮಳೆ ಬಂದಿದ್ದು ನಮ್ಮ ಹೊಲಕ್ಕಲ್ಲ, ಪಂಚಾಯ್ತಿ ಆಫೀಸಿಗೆ.” ಅರ್ಥಶಾಸ್ತ್ರಜ್ಞರು ಬೇಸಿಸ್ ರಿಸ್ಕ್ ಎಂದು ಕರೆಯುವುದು ಇದನ್ನೇ. ಕಂತು ಕಟ್ಟಿ, ಬೆಳೆ ಕಳೆದುಕೊಂಡು, ಪರಿಹಾರವೂ ಸಿಗದ ರೈತ ವಿಮೆ ಮಾಡಿಸದವನಿಗಿಂತ ಕೆಟ್ಟ ಸ್ಥಿತಿಗೆ ಬೀಳುತ್ತಾನೆ. ಡೇನಿಯಲ್ ಕ್ಲಾರ್ಕ್ ಎಂಬ ವಿದ್ವಾಂಸರು 2016ರಲ್ಲಿ ಇದನ್ನು ಗಣಿತದಿಂದಲೇ ತೋರಿಸಿದರು: ಅಪಾಯಕ್ಕೆ ಅಂಜುವ, ಲೆಕ್ಕ ಬಲ್ಲ ರೈತ ಇಂಥ ವಿಮೆಯನ್ನು ಕಡಿಮೆ ಕೊಳ್ಳುವುದೇ ಸಹಜ. ರೈತರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ವಿಮೆ ಮಾಡಿಸುವುದಿಲ್ಲ ಎಂದು ವೇದಿಕೆಗಳಲ್ಲಿ ಕೇಳುತ್ತೇವಲ್ಲ, ಆ ಮಾತು ನಿಲ್ಲಬೇಕು. ಅವರಿಗೆ ತಿಳಿದಿದೆ; ಆ ತಿಳಿವಳಿಕೆಯನ್ನೇ ಕ್ಲಾರ್ಕ್ ಸಮೀಕರಣದಲ್ಲಿ ಬರೆದರು.

ಕ್ಷೇತ್ರ ಪ್ರಯೋಗಗಳೂ ರೈತರ ಈ ಲೆಕ್ಕಾಚಾರವನ್ನೇ ತೋರಿಸುತ್ತವೆ. ಶಾನ್ ಕೋಲ್, ಸೇವಿಯರ್ ಜಿನೆ ಮತ್ತು ಸಂಗಡಿಗರು ಆಂಧ್ರ ಮತ್ತು ಗುಜರಾತಿನಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೆಲೆ ಇಳಿಸಿದರೆ ಕೊಳ್ಳುವವರು ಹೆಚ್ಚುತ್ತಾರೆ, ನಿಜ. ಆದರೆ ಊರಿಗೆ ಪರಿಚಿತವಾದ, ನಂಬಿಕೆಯ ಸಂಸ್ಥೆಯವರು ಜೊತೆಗೆ ಬಂದು ಹೇಳಿದಾಗಲೂ, ಕಂತು ಕಟ್ಟುವ ಹೊತ್ತಿಗೆ ಕೈಯಲ್ಲಿ ನಗದು ಇದ್ದಾಗಲೂ ಕೊಳ್ಳುವವರು ಹೆಚ್ಚಿದರು. ಕಂತು ಕೇಳುವುದು ಬೀಜ, ಗೊಬ್ಬರಕ್ಕೆ ದುಡ್ಡು ಹುಡುಕುವ ಮುಂಗಾರಿನ ಬಾಗಿಲಲ್ಲಿ ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ. ಮುಷ್ಫಿಕ್ ಮೊಬಾರಕ್ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಮಳೆಮಾಪನ ಕೇಂದ್ರ ದೂರವಾದಷ್ಟೂ ವಿಮೆಗೆ ಬೇಡಿಕೆ ಕುಸಿಯುವುದನ್ನು ಕಂಡರು. ಆದರೆ ಜಾತಿಬಂಧುಗಳ ಒಳಗೇ ಪರಸ್ಪರ ಆಸರೆ ಗಟ್ಟಿಯಾಗಿದ್ದ ಕಡೆ ಆ ಕುಸಿತ ಅಷ್ಟಿರಲಿಲ್ಲ. ಮಾಪಕಕ್ಕೂ ಹೊಲಕ್ಕೂ ನಡುವಿನ ಅಂತರವನ್ನು ನೆಂಟರು ತುಂಬಿಕೊಡುತ್ತಿದ್ದರು! ಇನ್ನೊಂದು ಸಂಗತಿಯನ್ನೂ ಹೇಳಬೇಕು, ಇಲ್ಲವಾದರೆ ನಾನು ವಿಮೆಯ ವಿರೋಧಿ ಎಂದಾದೀತು. ಖಚಿತವಾದ ಮಳೆ ವಿಮೆ ಸಿಕ್ಕಿದ ರೈತರು ಹೆಚ್ಚು ಆದಾಯದ, ಹೆಚ್ಚು ಅಪಾಯದ ಬೆಳೆಗಳತ್ತ ತಿರುಗಿದರೆಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಬರದ ಭಯವೇ ರೈತನನ್ನು ಬಡತನದಲ್ಲಿ ಕಟ್ಟಿಹಾಕುತ್ತದೆ. ಆದ್ದರಿಂದಲೇ ಈ ಕೆಲಸ ಸರಿಯಾಗಿ ಆಗಬೇಕು ಎಂಬ ಹಟ ನನಗೆ.

ಉಪಗ್ರಹ ಇದೆಯಲ್ಲ, ಮಳೆಮಾಪಕದ ಗೊಡವೆ ಯಾಕೆ ಎಂದು ಕಿರಿಯ ಸಂಶೋಧಕರು ಕೇಳುತ್ತಾರೆ. 2023ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಯೆಸ್-ಟೆಕ್ ಎಂಬ ವ್ಯವಸ್ಥೆಯನ್ನು ತಂದು, ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ದೂರಸಂವೇದಿ ಅಂದಾಜಿಗೂ ಪಾಲು ಕೊಟ್ಟಿತು. ದೇಶದಾದ್ಯಂತ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ತರುವ ವಿಂಡ್ಸ್ ಯೋಜನೆಯೂ ಆಗಲೇ ಬಂತು. ಎರಡೂ ಒಳ್ಳೆಯ ಹೆಜ್ಜೆ. ಆದರೆ ನಮ್ಮ ನೆಲದಲ್ಲಿ ಉಪಗ್ರಹಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದ ಒಂದು ಚುಕ್ಕೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಹಳೆಯ ಮೈಸೂರಿನ ರಾಗಿ ಹೊಲದ ಒಂದು ಗುಂಟೆಯಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿನ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಇರುತ್ತವೆ. ಆ ಚುಕ್ಕೆಯ ಹಸಿರಿನಲ್ಲಿ ರಾಗಿ ಯಾವುದು, ಅವರೆ ಯಾವುದು? ಮುಂಗಾರಿನ ತಿಂಗಳುಗಳಲ್ಲಿ ಮೋಡ ಮುಚ್ಚಿ ಈ ಚಿತ್ರವೂ ಸಿಗುವುದಿಲ್ಲ. ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳನ್ನು ಆಶ್ರಯಿಸಬೇಕು. ಅಡಿಕೆ ತೋಟದ ಸ್ಥಿತಿ ಇನ್ನೂ ಕಷ್ಟ. ಕೊಳೆ ಬಂದು ಕಾಯೆಲ್ಲ ಉದುರಿ ಬುಡದಲ್ಲಿ ಬಿದ್ದಿರುವಾಗಲೂ ಮೇಲಿಂದ ನೋಡುವ ಕಣ್ಣಿಗೆ ಸೋಗೆ ಹಸಿರಾಗಿಯೇ ಕಾಣುತ್ತದೆ. ನಷ್ಟ ನಡೆದಿರುವುದು ಹಸಿರಿನ ಕೆಳಗೆ.

ಯಂತ್ರ ಕಲಿಕೆಯ ಮಾದರಿಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಈ ಸಭೆಯಲ್ಲಿ ಅಂಥ ಮಾದರಿ ಕಟ್ಟುವ ವಿದ್ಯಾರ್ಥಿಗಳು ಬಹಳ ಇದ್ದಾರೆ. ನೀವು ಹದಿನೈದು ವರ್ಷದ ಇಳುವರಿ ಕೊಟ್ಟು ಮಾದರಿಗೆ ಕಲಿಸುತ್ತೀರಿ. ಅದರಲ್ಲಿ ಭೀಕರ ಬರದ ವರ್ಷಗಳು ಎರಡೋ ಮೂರೋ. ಒಟ್ಟು ದೋಷ ಕನಿಷ್ಠವಾಗಲಿ ಎಂದು ಕಲಿತ ಮಾದರಿ ಸಂದೇಹ ಬಂದಾಗಲೆಲ್ಲ ಸರಾಸರಿಯ ಕಡೆ ವಾಲುತ್ತದೆ. ಒಳ್ಳೆಯ ವರ್ಷದ ಇಳುವರಿಯನ್ನು ತುಸು ಕಡಿಮೆ, ಕೆಟ್ಟ ವರ್ಷದ ಇಳುವರಿಯನ್ನು ತುಸು ಹೆಚ್ಚು ಹೇಳುತ್ತದೆ. ಪ್ರಬಂಧದಲ್ಲಿ ಅದು ಉತ್ತಮ ಮಾದರಿಯೆಂದು ಮೆಚ್ಚುಗೆ ಪಡೆಯುತ್ತದೆ. ಆದರೆ ವಿಮೆಗೆ ಬೇಕಾದದ್ದು ಕೆಟ್ಟ ವರ್ಷ ಮಾತ್ರ. ಆ ವರ್ಷದಲ್ಲಿ ಇಳುವರಿಯನ್ನು ಹೆಚ್ಚು ಹೇಳುವ ಮಾದರಿ ರೈತನ ಪರಿಹಾರಕ್ಕೆ ಕತ್ತರಿ ಹಾಕುತ್ತದೆ. ನಿಮ್ಮ ಮಾದರಿಯ ಸರಾಸರಿ ದೋಷ ಎಷ್ಟೆಂದು ನನಗೆ ಹೇಳಬೇಡಿ. ಬರದ ವರ್ಷಗಳಲ್ಲಿ, ಅತಿ ಕಡಿಮೆ ಬೆಳೆದ ಪಂಚಾಯಿತಿಗಳಲ್ಲಿ, ಅದು ಎಷ್ಟು ತಪ್ಪಿತು ಎಂದು ಬೇರೆ ಪಟ್ಟಿಯಲ್ಲಿ ತೋರಿಸಿ.

ನೆಲದ ಮೇಲಿನ ಅಳತೆಯನ್ನು ಬಿಡುವಂತಿಲ್ಲ ಎಂಬುದಕ್ಕೆ ನಮ್ಮ ಸಂಖ್ಯಾಶಾಸ್ತ್ರದ ಹಿರಿಯರೇ ಸಾಕ್ಷಿ. ಇಳುವರಿ ಅಂದಾಜಿಗಾಗಿ ನಡೆಸುವ ಬೆಳೆ ಕಟಾವು ಪ್ರಯೋಗದಲ್ಲಿ ಹೊಲದ ಎಷ್ಟು ದೊಡ್ಡ ತುಂಡನ್ನು ಕೊಯ್ಯಬೇಕೆಂದು ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ನಡುವೆ ದೀರ್ಘ ವಾದ ನಡೆಯಿತು. ಚಿಕ್ಕ ತುಂಡು ಕೊಯ್ದರೆ ಅಂಚಿನ ಗಿಡಗಳನ್ನು ಒಳಕ್ಕೆ ಸೇರಿಸಿಕೊಳ್ಳುವ ಒಲವಿನಿಂದ ಇಳುವರಿ ಹೆಚ್ಚು ಬರುತ್ತದೆ ಎಂದು ಸುಖಾತ್ಮೆ ತೋರಿಸಿದರು. ಇವತ್ತು ಹೆಚ್ಚಿನ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡು ರೂಢಿಯಲ್ಲಿದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಯಾದೃಚ್ಛಿಕ ಸಂಖ್ಯೆಗಳಷ್ಟು ಹೆಜ್ಜೆ ಉದ್ದಕ್ಕೂ ಅಗಲಕ್ಕೂ ನಡೆದು, ಗೂಟ ನೆಟ್ಟು ಹಗ್ಗ ಬಿಗಿಯಬೇಕು. ಹಗ್ಗದ ಗೆರೆಯ ಮೇಲೆ ನಿಂತ ಗಿಡ ಒಳಗಿನದೋ ಹೊರಗಿನದೋ? ಸುತ್ತ ನಿಂತ ರೈತರ ಕಣ್ಣು, ವಿಮಾ ಪ್ರತಿನಿಧಿಯ ಕಣ್ಣು, ಗ್ರಾಮ ಆಡಳಿತಾಧಿಕಾರಿಯ ಕಣ್ಣು ಎಲ್ಲವೂ ಆ ಒಂದು ಗಿಡದ ಮೇಲೆ. ನಮ್ಮ ದತ್ತಾಂಶದ ಬುಡ ಅಲ್ಲಿದೆ. ದತ್ತಾಂಶ ವಿಜ್ಞಾನದ ಪದವಿ ಪಡೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಆ ಹಗ್ಗ ಹಿಡಿದಿರಬೇಕು.

ಹಾಗಾದರೆ ನಾವು ಮಾಡಬೇಕಾದ್ದೇನು? ವಿಶ್ವವಿದ್ಯಾಲಯದ ಪರೀಕ್ಷಾ ಪದ್ಧತಿಯಿಂದಲೇ ಶುರು ಮಾಡೋಣ. ಸಿವಿಲ್ ವಿಭಾಗದ ವಿದ್ಯಾರ್ಥಿ ಮಾಪಕದ ದೋಷದ ಮೇಲೆ ಪ್ರಬಂಧ ಬರೆದರೆ ಅದನ್ನು ಅಳೆಯುವವರು ಸಿವಿಲ್‌ನವರು ಮಾತ್ರ. ಆ ದೋಷ ಎಷ್ಟು ರೂಪಾಯಿಯ ಪರಿಹಾರ ತಪ್ಪಿಸುತ್ತದೆ ಎಂದು ಕೇಳುವವರಿಲ್ಲ. ಎರಡು ವಿಭಾಗದ ಮಾರ್ಗದರ್ಶಕರು, ಎರಡು ವಿಭಾಗದ ಪರೀಕ್ಷಕರು, ಜೊತೆಗೆ ವಿಮೆ ಮಾಡಿಸಿದ ಒಬ್ಬ ರೈತ ಪ್ರತಿನಿಧಿ ಇರುವ ಸಂಶೋಧನಾ ಸಮಿತಿ ಆಗಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಕೇಂದ್ರವೂ ಬೇಡ. ನಿಯಮಾವಳಿಯಲ್ಲಿ ಒಂದು ತಿದ್ದುಪಡಿ ಸಾಕು.

ಸರ್ಕಾರಕ್ಕೆ ನನ್ನ ಒತ್ತಾಯ ದಾಖಲೆಯ ಬಗ್ಗೆ. ಇಂದಿನ ಮಳೆ ಎಷ್ಟೆಂದು ಪ್ರಕಟಿಸುವುದು ದೊಡ್ಡ ಉಪಕಾರ. ಅದರ ಜೊತೆಗೆ ಪ್ರತಿ ಮಾಪಕದ ಆರೋಗ್ಯದ ದಾಖಲೆಯೂ ಸಾರ್ವಜನಿಕವಾಗಬೇಕು: ಯಾವಾಗ ನೆಟ್ಟದ್ದು, ಎಂದು ಸ್ವಚ್ಛ ಮಾಡಿದ್ದು, ಎಂದು ಪರೀಕ್ಷಿಸಿದ್ದು, ಯಾವ ದಿನ ಸುಮ್ಮನಿತ್ತು, ಆ ದಿನಕ್ಕೆ ಎಲ್ಲಿಯ ಅಂಕಿ ತುಂಬಿದ್ದು. ಕಂತು ಕಟ್ಟುವವನಿಗೆ ಇದು ಕಾಣಬೇಕು, ಅದೂ ಕನ್ನಡದಲ್ಲಿ. ವಿಮೆಯ ಒಪ್ಪಂದದ ಷರತ್ತುಗಳೂ ಹಾಗೆಯೇ. ಎಷ್ಟು ದಿನ, ಎಷ್ಟು ಮಿಲಿಮೀಟರ್, ಎಷ್ಟು ರೂಪಾಯಿ ಎಂಬುದು ಪಂಚಾಯಿತಿಯ ಗೋಡೆಯ ಮೇಲೆ ಬಿತ್ತನೆಗೆ ಮೊದಲೇ ಇರಬೇಕು. ರೈತರು ಕೊಡುವ ದೂರುಗಳನ್ನು ಕಡತದಲ್ಲಿ ಕಟ್ಟಿಡದೆ ಸಂಶೋಧಕರಿಗೆ ಕೊಡಿ, ಹೆಸರು ವಿಳಾಸ ತೆಗೆದು ಕೊಡಿ. ಮಾಪಕಕ್ಕೂ ಹೊಲಕ್ಕೂ ನಡುವಿನ ಅಂತರ ಎಲ್ಲೆಲ್ಲಿ ದೊಡ್ಡದಿದೆ ಎಂದು ತಿಳಿಸುವ ಇದಕ್ಕಿಂತ ಒಳ್ಳೆಯ ದತ್ತಾಂಶ ಯಾವ ಉಪಗ್ರಹದಲ್ಲೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಈ ಮುಂಗಾರು ಶುರುವಾಗುವ ಮೊದಲು ನಿಮ್ಮ ನಿಮ್ಮ ಊರಿನ ಪಂಚಾಯಿತಿ ಮಳೆಮಾಪಕವನ್ನು ನೋಡಿ ಬನ್ನಿ. ಅದು ಎಲ್ಲಿದೆ, ಪಕ್ಕದಲ್ಲಿ ಮರವೆಷ್ಟು ಎತ್ತರ, ಆಲಿಕೆ ಸ್ವಚ್ಛವಿದೆಯೇ ಎಂದು ಬರೆದುಕೊಳ್ಳಿ. ಊರಿನ ನಾಲ್ಕು ದಿಕ್ಕಿನ ನಾಲ್ಕು ಹೊಲಗಳಲ್ಲಿ ಸಾದಾ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವಂತೆ ಊರಿನ ಶಾಲೆಯ ಮಕ್ಕಳಿಗೆ ಹೇಳಿಕೊಡಿ. ಸ್ವಾತಿ ಮಳೆ ಮುಗಿದ ಮೇಲೆ ಆ ಪುಸ್ತಕವನ್ನು ನಿಮ್ಮ ವಿಭಾಗಕ್ಕೆ ತನ್ನಿ. ಅಧ್ಯಾಪಕ ಮಿತ್ರರೇ, ಆ ಪುಸ್ತಕ ತಂದವರಿಗೆ ಮಾರ್ಗದರ್ಶನ ಮಾಡಲು ಪಕ್ಕದ ವಿಭಾಗದವರೊಬ್ಬರನ್ನು ದಯವಿಟ್ಟು ಜೊತೆಗೆ ಕರೆದುಕೊಳ್ಳಿ.